ಕಪ್ಪು ಕುಪ್ಯ ಕಪ್ಪಾಗಿಯೇ ಕಾಣಬೇಕಾದರೆ: ವಿಡಿಯೊ ಎಡಿಟಿಂಗ್‌ಗೆ ಮಾನಿಟರ್ ಆರಿಸುವ ಬಗೆ

ಕೊಡಗಿನಲ್ಲಿ ಮದುವೆಯ ವಿಡಿಯೊ ಮಾಡುವವರ ವರ್ಷ ಎರಡು ಪಾಲಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕ್ಯಾಮೆರಾ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಮೇಲೆ, ಅದರಲ್ಲೂ ಶುಭಕಾರ್ಯಗಳಿಲ್ಲದ ಕಕ್ಕಡ ತಿಂಗಳಲ್ಲಿ, ಆ ರಾಶಿಯನ್ನೆಲ್ಲ ಕುಳಿತು ಕತ್ತರಿಸಿ ಜೋಡಿಸಬೇಕಾಗುತ್ತದೆ. ಹೊರಗೆ ಮಂಜು, ಒಳಗೆ ಹಗಲಿಗೂ ದೀಪ, ಹೇಳದೆ ಕೇಳದೆ ಹೋಗಿಬರುವ ಕರೆಂಟು. ಇಂಥ ಕೋಣೆಯಲ್ಲಿ ಕುಳಿತು, ಕುಪ್ಯ ಎಂಬ ಕೊಡವ ಗಂಡಸರ ನಿಲುವಂಗಿಯಿಂದ ಹಿಡಿದು ಎಲ್ಲದರ ಬಣ್ಣ ತೀರ್ಮಾನಿಸುವವರು ಯಾವ ಮಾನಿಟರ್ ಕೊಳ್ಳಬೇಕು ಎಂಬುದು ಈ ಬರಹದ ವಿಷಯ. ತೋಟದ, ಹೋಮ್‌ಸ್ಟೇಯ ಪ್ರಚಾರ ಚಿತ್ರಗಳನ್ನೋ ಯೂಟ್ಯೂಬ್ ವಿಡಿಯೊಗಳನ್ನೋ ಮಾಡುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ಅಂಗಡಿಯವರ ಮಾತು ನಂಬಿ, ಗೇಮ್ ಆಡುವವರಿಗೆಂದು ತಯಾರಾದ ಹೊಳಪಿನ ಮಾನಿಟರ್ ಒಂದನ್ನು ತಂದೆ. ಅದರಲ್ಲಿ ಮದುಮಗಳ ಕೆಂಪು ರೇಷ್ಮೆ ಸೀರೆ ಕೆಂಡದಂತೆ ಉರಿಯುತ್ತಿತ್ತು. ಕಣ್ಣಿಗೆ ಅತಿಯಾಯಿತೆಂದು ನಾನು ಇಡೀ ಮದುವೆಯ ಬಣ್ಣದ ತೀವ್ರತೆಯನ್ನು ಇಳಿಸಿ ಕೊಟ್ಟೆ. ಆ ಮನೆಯವರು ತಮ್ಮ ಟಿವಿಯಲ್ಲಿ ಹಾಕಿ ನೋಡಿದಾಗ ಮದುಮಗಳ ಅಜ್ಜಿ, ‘ಸೀರೆ ನಾಲ್ಕು ಸಲ ಒಗೆದ ಹಾಗಿದೆಯಲ್ಲ’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಾನಿಟರ್ ಇಲ್ಲದ ಕೆಂಪನ್ನು ತಾನೇ ಸೇರಿಸಿ ತೋರಿಸುತ್ತಿತ್ತು, ನಾನು ಆ ಸುಳ್ಳು ಕೆಂಪನ್ನು ತೆಗೆಯಲು ಹೋಗಿ ನಿಜವಾದ ಕೆಂಪನ್ನು ತೆಗೆದಿದ್ದೆ. ಕಾಫಿ ತೂಗುವ ತಕ್ಕಡಿಯೇ ತಪ್ಪಿದ್ದರೆ ಬೀಜ ಎಷ್ಟು ಒಳ್ಳೆಯದಿದ್ದೂ ಲೆಕ್ಕ ಕೂಡುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಂಚೆಯೇ ತಿಳಿಸುತ್ತೇನೆ: ಹಣ ಎಷ್ಟೇ ಇರಲಿ, ಅದನ್ನು ಮೊದಲು ಬಣ್ಣದ ನಿಖರತೆಗೆ, ನಂತರ ಕಪ್ಪಿನ ಆಳಕ್ಕೆ ಮತ್ತು ಪರದೆಯ ಏಕರೂಪತೆಗೆ, ಆಮೇಲೆ ಗಾತ್ರಕ್ಕೆ, ಕಟ್ಟಕಡೆಗೆ, ಅತಿ ಬೆಳಕನ್ನೂ ಅತಿ ಕತ್ತಲನ್ನೂ ಒಟ್ಟಿಗೆ ತೋರಿಸುವ ಎಚ್‌ಡಿಆರ್ ಎಂಬ ಚೀಟಿಗೆ ಖರ್ಚು ಮಾಡಬೇಕು. ಮಾರುಕಟ್ಟೆಯ ಜಾಹೀರಾತುಗಳು ಬಹುಮಟ್ಟಿಗೆ ಇದೇ ಕ್ರಮವನ್ನು ತಿರುವುಮುರುವಾಗಿ ಹೇಳುತ್ತವೆ.

ಬಣ್ಣದ ವ್ಯಾಪ್ತಿ: ಹೆಚ್ಚಿದ್ದಷ್ಟೂ ಒಳ್ಳೆಯದೆ?

ನಾವು ತಯಾರಿಸುವ ವಿಡಿಯೊಗಳಲ್ಲಿ ಬಹುಪಾಲು ರೆಕ್ 709 ಎಂಬ ಮಾನದಂಡಕ್ಕೆ ಸೇರಿದವು. ಎಚ್‌ಡಿ ಟಿವಿಗಾಗಿ ರೂಪುಗೊಂಡ ಈ ಮಾನದಂಡದ ಕೆಂಪು, ಹಸಿರು, ನೀಲಿಗಳ ಗಡಿ ಮತ್ತು ಡಿ65 ಎಂಬ ಬಿಳಿಯ ನೆಲೆ, ಕಂಪ್ಯೂಟರ್ ಲೋಕದ ಎಸ್‌ಆರ್‌ಜಿಬಿಯಲ್ಲಿಯೂ ಅವೇ ಆಗಿವೆ. ವ್ಯತ್ಯಾಸವಿರುವುದು ಗಾಮಾದಲ್ಲಿ, ಅಂದರೆ ಕತ್ತಲಿನಿಂದ ಬೆಳಕಿನವರೆಗಿನ ಮೆಟ್ಟಿಲುಗಳ ಹಂಚಿಕೆಯಲ್ಲಿ. ಆದ್ದರಿಂದ ಎಸ್‌ಆರ್‌ಜಿಬಿಯನ್ನು ಶೇ 100ರಷ್ಟು ತೋರಿಸುವ ಮಾನಿಟರ್ ರೆಕ್ 709ರ ಬಣ್ಣಗಳನ್ನೂ ಪೂರ್ತಿಯಾಗಿ ತೋರಿಸಬಲ್ಲದು. ಇದು ನಮ್ಮ ಕನಿಷ್ಠ ಅಗತ್ಯ, ಇದಕ್ಕಿಂತ ಕೆಳಗಿಳಿಯಬಾರದು.

ಇಲ್ಲೊಂದು ಎಚ್ಚರಿಕೆ ಬೇಕು. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ‘ಶೇ 45 ಎನ್‌ಟಿಎಸ್‌ಸಿ’ ಎಂದು ಬರೆದಿರುತ್ತಾರೆ. ಎಸ್‌ಆರ್‌ಜಿಬಿಯ ವ್ಯಾಪ್ತಿ ಹಳೆಯ ಟಿವಿ ಮಾನದಂಡವಾದ ಎನ್‌ಟಿಎಸ್‌ಸಿ ವ್ಯಾಪ್ತಿಯ ಸುಮಾರು ಶೇ 72ರಷ್ಟಿದೆ; ಆ ಲೆಕ್ಕದಲ್ಲಿ ಶೇ 45 ಎಂದರೆ ಎಸ್‌ಆರ್‌ಜಿಬಿಯ ಸುಮಾರು ಶೇ 62 ಮಾತ್ರ. ಆರ್‌ಟಿಎಕ್ಸ್ ಗ್ರಾಫಿಕ್ಸ್ ಇದೆ ಎಂದು ಹುರುಪಿನಿಂದ ಕೊಂಡ ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಪರದೆ ಈ ಜಾತಿಯದು. ಅದರಲ್ಲಿ ಕತ್ತರಿಸಬಹುದು, ಜೋಡಿಸಬಹುದು, ಆದರೆ ಬಣ್ಣ ತಿದ್ದುವಂತಿಲ್ಲ.

ಇನ್ನೊಂದು ತುದಿಯಲ್ಲಿ ಡಿಸಿಐ-ಪಿ3 ಬಣ್ಣವ್ಯಾಪ್ತಿಯ ಶೇ 95, 98 ಎಂದು ಹೇಳಿಕೊಳ್ಳುವ ಮಾನಿಟರ್‌ಗಳಿವೆ. ಪಿ3 ಮೂಲತಃ ಡಿಜಿಟಲ್ ಸಿನಿಮಾ ಪ್ರೊಜೆಕ್ಷನ್ನಿನ ಮಾನದಂಡ. ಅದರ ಕೆಂಪು, ಹಸಿರು ರೆಕ್ 709ಕ್ಕಿಂತ ಹೆಚ್ಚು ತೀವ್ರ. ಅಂಥ ಪರದೆಗೆ ರೆಕ್ 709ರ ವಿಡಿಯೊವನ್ನು ಯಾವ ನಿಯಂತ್ರಣವೂ ಇಲ್ಲದೆ ಕೊಟ್ಟರೆ, ಅದು 709ರ ಕೆಂಪನ್ನು ತನ್ನ ಕೆಂಪಿಗೆ ಹಿಗ್ಗಿಸಿ ತೋರಿಸುತ್ತದೆ. ನನ್ನ ಸೀರೆಯ ಕಥೆ ಇದೇ. ಹಾಗೆಂದು ವಿಶಾಲ ವ್ಯಾಪ್ತಿಯ ಮಾನಿಟರ್ ಕೆಟ್ಟದ್ದಲ್ಲ; ಅದರ ಮೆನುವಿನಲ್ಲಿ ಎಸ್‌ಆರ್‌ಜಿಬಿ ಅಥವಾ ರೆಕ್ 709 ಎಂಬ ಪ್ರತ್ಯೇಕ ಸ್ಥಿತಿ ಇರಬೇಕು, ಆ ಸ್ಥಿತಿಯಲ್ಲಿಯೂ ಹೊಳಪನ್ನು ಏರಿಸಿ ಇಳಿಸಲು ಅವಕಾಶವಿರಬೇಕು. ಕೆಲವು ಮಾನಿಟರ್‌ಗಳು ಎಸ್‌ಆರ್‌ಜಿಬಿ ಸ್ಥಿತಿಗೆ ಹೋದ ತಕ್ಷಣ ಹೊಳಪಿನ ಗುಂಡಿಗೆ ಬೀಗ ಹಾಕಿಬಿಡುತ್ತವೆ. ಕತ್ತಲ ಕೋಣೆಯಲ್ಲಿ ಅದು ಕಣ್ಣಿಗೆ ಶಿಕ್ಷೆ. ಕೊಳ್ಳುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಲೇಬೇಕು.

ವಿಂಡೋಸ್ ಬಳಸುವವರು ಇನ್ನೊಂದನ್ನು ತಿಳಿದಿರಬೇಕು. ಮಾನಿಟರ್‌ಗೆಂದು ಸಿದ್ಧಪಡಿಸಿದ ಐಸಿಸಿ ಪ್ರೊಫೈಲನ್ನು, ಅಂದರೆ ಅದರ ಬಣ್ಣದ ಸ್ವಭಾವ ತಿಳಿಸುವ ಕಡತವನ್ನು, ಫೋಟೊಶಾಪ್ ತಾನಾಗಿಯೇ ಗೌರವಿಸುತ್ತದೆ. ಪ್ರೀಮಿಯರ್ ಪ್ರೊದಲ್ಲಿ ಡಿಸ್‌ಪ್ಲೇ ಕಲರ್ ಮ್ಯಾನೇಜ್‌ಮೆಂಟ್ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ವಿಂಡೋಸ್‌ನ ಡಾವಿಂಚಿ ರಿಸಾಲ್ವ್ ಆ ಪ್ರೊಫೈಲನ್ನು ನೋಡುವುದೇ ಇಲ್ಲ. ಅಲ್ಲಿ ಮಾನಿಟರೇ 709ರ ಸ್ಥಿತಿಯಲ್ಲಿರಬೇಕು ಅಥವಾ ಲಟ್ ಎಂಬ ಬಣ್ಣ ತಿದ್ದುವ ಕೋಷ್ಟಕವೊಂದನ್ನು ಸೇರಿಸಬೇಕು. ಸ್ಟುಡಿಯೊದಲ್ಲಿ ರಿಸಾಲ್ವ್ ಇದ್ದರೆ, ಮಾನಿಟರಿನೊಳಗೇ ಬಣ್ಣವ್ಯಾಪ್ತಿಯನ್ನು ಕಟ್ಟಿಹಾಕುವ ಸೌಲಭ್ಯಕ್ಕೆ ಬೆಲೆ ಬರುವುದು ಈ ಕಾರಣಕ್ಕೆ.

‘ಗಿರಾಕಿಯ ಮನೆಯ ಟಿವಿಯೇ ಬಣ್ಣ ಹೆಚ್ಚಿಸಿ ತೋರಿಸುವ ವಿವಿಡ್ ಸ್ಥಿತಿಯಲ್ಲಿರುವಾಗ ನಾವೇಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು’ ಎಂದು ಗೋಣಿಕೊಪ್ಪದ ಗೆಳೆಯರೊಬ್ಬರು ಪ್ರತಿ ಬಾರಿಯೂ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಒಬ್ಬರ ಟಿವಿ ನೀಲಿಗೆ ವಾಲಿರುತ್ತದೆ, ಇನ್ನೊಬ್ಬರದು ಹಳದಿಗೆ. ನಾವು ನಡುವೆ ನಿಂತಿದ್ದರೆ ಎರಡೂ ಕಡೆ ಸಹಿಸುವಷ್ಟೇ ತಪ್ಪು ಕಾಣುತ್ತದೆ. ನಮ್ಮ ಮಾನಿಟರೇ ನೀಲಿಗೆ ವಾಲಿದ್ದು ನಾವು ಅದಕ್ಕೆ ಹಳದಿ ಬೆರೆಸಿ ಕೊಟ್ಟರೆ, ಹಳದಿ ಟಿವಿಯ ಮನೆಯವರಿಗೆ ಎಲ್ಲರ ಮುಖವೂ ಕಾಮಾಲೆ ಬಂದಂತೆ ಕಾಣುತ್ತದೆ.

ಕುಪ್ಯದ ಕಪ್ಪು, ಪ್ಯಾನೆಲ್‌ನ ಜಾತಿ

ಕೊಡವ ಮದುವೆಯಷ್ಟು ಕಠಿಣವಾದ ಪರೀಕ್ಷೆಯನ್ನು ಮಾನಿಟರ್‌ಗೆ ಒಡ್ಡುವ ಸಂದರ್ಭ ಇನ್ನೊಂದಿಲ್ಲ ಎಂದು ನನಗೆ ಆಗಾಗ ಅನಿಸುತ್ತದೆ. ಮದುಮಗನದು ಬಿಳಿ ಕುಪ್ಯ, ಸುತ್ತ ನಿಂತ ಗಂಡಸರದು ಕಪ್ಪು ಕುಪ್ಯ, ನಡುವಿಗೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿಯ ಹೊಳಪು. ಎಲ್ಲವೂ ಒಂದೇ ಚೌಕಟ್ಟಿನಲ್ಲಿ, ಅದೂ ಮಂಟಪದ ಮಂದ ಬೆಳಕಿನಲ್ಲಿ. ಕಪ್ಪು ಬಟ್ಟೆಯ ಮಡಿಕೆಗಳು ಕಾಣಬೇಕು, ಬಟ್ಟೆ ಮಾತ್ರ ಬೂದಿಯಾಗಬಾರದು.

ಎಲ್‌ಸಿಡಿ ಪರದೆಗಳಲ್ಲಿ ಐಪಿಎಸ್, ವಿಎ, ಟಿಎನ್ ಎಂದು ಮುಖ್ಯವಾಗಿ ಮೂರು ಜಾತಿ. ಸಾಮಾನ್ಯ ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್, ಅಂದರೆ ಅದರ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ, ಸುಮಾರು 1000:1. ಬಿಳಿಯನ್ನು 100 ನಿಟ್ಸ್‌ಗೆ (ನಿಟ್ ಎಂಬುದು ಹೊಳಪಿನ ಅಳತೆ) ಇಟ್ಟರೆ ಅದರ ಅತಿ ಕಪ್ಪು 0.1 ನಿಟ್. ಬೆಳಕಿರುವ ಕೋಣೆಯಲ್ಲಿ ಇದು ಸಾಕು. ಕತ್ತಲಲ್ಲಿ ಕಪ್ಪು ಕುಪ್ಯ ತುಸು ಬೂದಿಯಾಗಿ, ಪರದೆಯ ಮೂಲೆಗಳು ಮಸುಕು ಹೊಳಪಿನಲ್ಲಿ ಕಾಣುತ್ತವೆ. ವಿಎ ಪ್ಯಾನೆಲ್‌ನ ಕಾಂಟ್ರಾಸ್ಟ್ 3000:1ರ ಆಸುಪಾಸಿನಲ್ಲಿದ್ದು, ಕಪ್ಪು ಮೂರು ಪಟ್ಟು ಆಳವಾಗಿರುತ್ತದೆ. ಆದರೆ ಅದನ್ನು ನೇರವಾಗಿ ಎದುರಿನಿಂದ ನೋಡಿದಾಗ ಕಪ್ಪಿಗೆ ಹತ್ತಿರದ ಛಾಯೆಗಳು ಒಂದರೊಳಗೊಂದು ಮುಳುಗುತ್ತವೆ, ತಲೆಯನ್ನು ಅತ್ತಿತ್ತ ಸರಿಸಿದರೆ ಮೇಲೇಳುತ್ತವೆ. ಮಡಿಕೆ ಕಾಣುತ್ತಿಲ್ಲವೆಂದು ನೆರಳನ್ನು ಎತ್ತಿದರೆ, ಗಿರಾಕಿಯ ಮನೆಯಲ್ಲಿ ಅದೇ ಕುಪ್ಯದ ತುಂಬ ರವೆಯಂಥ ನಾಯ್ಸ್ ಎದ್ದು ಕಾಣುತ್ತದೆ. ಚಲನಚಿತ್ರ ನೋಡಲು ವಿಎ ಹಿತ. ಅದರ ಮೇಲೆ ನೆರಳನ್ನು ತಿದ್ದಲು ನಾನಂತೂ ಸಲಹೆ ಕೊಡುವುದಿಲ್ಲ. ಟಿಎನ್ ಪ್ಯಾನೆಲ್ ಈ ಚರ್ಚೆಗೇ ಬೇಡ.

2022ರಲ್ಲಿ ಬಂದ ಐಪಿಎಸ್ ಬ್ಲ್ಯಾಕ್ ಎಂಬ ಪ್ಯಾನೆಲ್ ಕಾಂಟ್ರಾಸ್ಟನ್ನು 2000:1ಕ್ಕೆ ಏರಿಸಿತು. ಡೆಲ್ ಕಂಪನಿಯ ಅಲ್ಟ್ರಾಶಾರ್ಪ್ ಯು2723ಕ್ಯೂಇ ಈ ಬಗೆಯದು: 27 ಇಂಚು, 4ಕೆ, ಪಿ3ಯ ಶೇ 98, ಯುಎಸ್‌ಬಿ-ಸಿ ಮೂಲಕ ಲ್ಯಾಪ್‌ಟಾಪ್‌ಗೆ 90 ವಾಟ್ ವಿದ್ಯುತ್. ಅದರ ನಂತರ ಬಂದ ಯು2725ಕ್ಯೂಇಯಲ್ಲಿ ಕಾಂಟ್ರಾಸ್ಟ್ 3000:1, ಪರದೆ ಹೊಸದಾಗುವ ವೇಗ ಸೆಕೆಂಡಿಗೆ 120 ಸಲ, ಅಂದರೆ 120 ಹರ್ಟ್ಜ್. ಐಪಿಎಸ್‌ನ ಬಣ್ಣದ ಸ್ಥಿರತೆಯನ್ನು ಬಿಟ್ಟುಕೊಡದೆ ಕಪ್ಪನ್ನು ಆಳಗೊಳಿಸಿದ್ದರಿಂದ, ಕುಪ್ಯವನ್ನೇ ದಿನವೂ ನೋಡುವ ನಮ್ಮಂಥವರಿಗೆ ಇದು ನಿಜವಾದ ಸುಧಾರಣೆ.

ಓಎಲ್‌ಇಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಆರುವುದರಿಂದ ಅದರ ಕಪ್ಪಿಗೆ ಸಾಟಿಯಿಲ್ಲ. ಆದರೆ ಎಡಿಟಿಂಗ್ ತಂತ್ರಾಂಶದಲ್ಲಿ ಟೈಮ್‌ಲೈನಿನ ಗೆರೆಗಳು, ಪ್ಯಾನೆಲ್‌ಗಳ ಅಂಚುಗಳು, ಕೆಳಗಿನ ಟಾಸ್ಕ್‌ಬಾರ್ ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿರುತ್ತವೆ. ಓಎಲ್‌ಇಡಿ ಪರದೆಯ ಮೇಲೆ ಅವು ಕಾಲಕ್ರಮದಲ್ಲಿ ಅಚ್ಚೊತ್ತುವ ಅಪಾಯವಿದೆ. ಕ್ಯೂಡಿ-ಓಎಲ್‌ಇಡಿ ಬಗೆಯ ಪರದೆಗಳಲ್ಲಿ ಕೋಣೆಯ ಬೆಳಕು ಬಿದ್ದಾಗ ಕಪ್ಪು ನಸುನೇರಳೆಗೆ ತಿರುಗುತ್ತದೆ. ಕಿಟಕಿಯ ಎದುರು ಕುಳಿತರೆ ದುಡ್ಡು ಕೊಟ್ಟು ತಂದ ಕಪ್ಪು ಮಾಯ. ಅಕ್ಷರಗಳ ಅಂಚಿನಲ್ಲಿ ಬಣ್ಣದ ಎಳೆಯೂ ಕಾಣಬಹುದು. ಎರಡು ಮಾನಿಟರ್ ಇಟ್ಟುಕೊಂಡು, ಓಎಲ್‌ಇಡಿಯ ಮೇಲೆ ಚಿತ್ರವನ್ನು ಮಾತ್ರ ತುಂಬುಪರದೆಯಲ್ಲಿ ಬಿಡುವವರಿಗೆ ಇದು ಸೊಗಸಾದ ಆಯ್ಕೆ. ಒಂದೇ ಮಾನಿಟರ್ ಇರುವವರಿಗೆ ಅಲ್ಲ.

ಗಾತ್ರ ಮತ್ತು ಪಿಕ್ಸೆಲ್

‘4ಕೆ ಶೂಟ್ ಮಾಡುತ್ತೇನೆ, ಹಾಗಾದರೆ 4ಕೆ ಮಾನಿಟರ್ ಬೇಕಲ್ಲವೆ’ ಎಂಬ ತರ್ಕ ಸಹಜವಾದರೂ ಪೂರ್ತಿ ಸರಿಯಲ್ಲ. ಎಡಿಟಿಂಗ್ ಕಿಟಕಿಯಲ್ಲಿ ಚಿತ್ರ ಕಾಣುವ ಭಾಗ ಪರದೆಯ ಕಾಲು ಪಾಲಿನಷ್ಟಿರುತ್ತದೆ; 4ಕೆ ಮಾನಿಟರಿನಲ್ಲಿಯೂ ಆ ಭಾಗಕ್ಕೆ ಸಿಗುವುದು ಹೆಚ್ಚುಕಡಿಮೆ 1080ಪಿ, ಅಂದರೆ ಫುಲ್ ಎಚ್‌ಡಿ. ಫೋಕಸ್ ಸರಿಯಿದೆಯೇ ಎಂದು ನೋಡಲು ಯಾವ ಮಾನಿಟರಿನಲ್ಲಾದರೂ ಶೇ 100ಕ್ಕೆ ಹಿಗ್ಗಿಸಲೇಬೇಕು.

ಲೆಕ್ಕ ಹೀಗಿದೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಎಳೆದರೆ 82ಕ್ಕೆ ಇಳಿದು ಅಕ್ಷರಗಳು ಒಡೆದಂತೆ ಕಾಣುತ್ತವೆ, ಆದ್ದರಿಂದ ಆ ಜೋಡಿಯನ್ನು ಕೊಳ್ಳಬೇಡಿ. 27 ಇಂಚಿನ ಕ್ಯೂಎಚ್‌ಡಿ, ಅಂದರೆ 2560×1440, ಇಂಚಿಗೆ 109. 27 ಇಂಚಿನ 4ಕೆ 163. 32 ಇಂಚಿನ 4ಕೆ 138. 27 ಇಂಚಿನ 4ಕೆಯಲ್ಲಿ ಎಲ್ಲವೂ ಇರುವೆಯ ಸಾಲಿನಂತೆ ಕಾಣುವುದರಿಂದ ವಿಂಡೋಸ್‌ನಲ್ಲಿ ಶೇ 150ಕ್ಕೆ ಹಿಗ್ಗಿಸಿಕೊಳ್ಳುತ್ತೇವೆ. 4ಕೆಯ ಅಗಲವಾದ 3840 ಪಿಕ್ಸೆಲನ್ನು ಒಂದೂವರೆಯಿಂದ ಭಾಗಿಸಿದರೆ ಬರುವುದು 2560. ಅಂದರೆ ಟೈಮ್‌ಲೈನಿಗೆ ಸಿಗುವ ಜಾಗ ಕ್ಯೂಎಚ್‌ಡಿಯಷ್ಟೇ, ಹೆಚ್ಚಾಗುವುದು ಅಕ್ಷರ ಮತ್ತು ಚಿತ್ರದ ಚೂಪು ಮಾತ್ರ. ಕೆಲಸದ ಜಾಗ ನಿಜಕ್ಕೂ ಹಿಗ್ಗಬೇಕಾದರೆ 32 ಇಂಚಿನ 4ಕೆಯನ್ನು ಶೇ 125ರಲ್ಲಿ ಬಳಸಬೇಕು. ಅದಕ್ಕೆ ಮೇಜು ಕನಿಷ್ಠ ಎರಡೂವರೆ ಅಡಿ ಆಳವಿರಬೇಕು. 32 ಇಂಚಿಗಿಂತ ದೊಡ್ಡವುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿರುವುದರಿಂದ, ತೆರಿಗೆಯ ಕಾರಣಕ್ಕೆ ದೊಡ್ಡದನ್ನು ಬಿಡಬೇಕಿಲ್ಲ. ಬಾಗಿದ ಅಲ್ಟ್ರಾವೈಡ್‌ಗಳಲ್ಲಿ ಟೈಮ್‌ಲೈನ್ ಚಂದವಾಗಿ ಹರಡಿಕೊಳ್ಳುತ್ತದೆ, ಆದರೆ ಅವುಗಳಲ್ಲಿ ಹಲವು ವಿಎ ಪ್ಯಾನೆಲ್‌ಗಳು.

ಹಾಗಾದರೆ ಯಾವುದು?

ಹೊಸದಾಗಿ ಕೆಲಸ ಆರಂಭಿಸಿದವರಿಗೆ, ಲ್ಯಾಪ್‌ಟಾಪ್‌ನ ಜೊತೆಗೆ ಎಸ್‌ಆರ್‌ಜಿಬಿ ಪೂರ್ತಿ ಇರುವ 24 ಇಂಚಿನ ಐಪಿಎಸ್ ಸಾಕು. ಮುಂದೆ ದೊಡ್ಡದು ಬಂದಾಗ ಇದು ಟೈಮ್‌ಲೈನಿನ ಎರಡನೆಯ ಪರದೆಯಾಗಿ ಉಳಿಯುತ್ತದೆ, ಹಣ ವ್ಯರ್ಥವಾಗುವುದಿಲ್ಲ.

ವರ್ಷಕ್ಕೆ ಹತ್ತಿಪ್ಪತ್ತು ಮದುವೆ ಮಾಡುವ ಸ್ಟುಡಿಯೊಗೆ ನನ್ನ ಆಯ್ಕೆ 27 ಇಂಚಿನ ಕ್ಯೂಎಚ್‌ಡಿ ಐಪಿಎಸ್, ಮತ್ತು ಉಳಿದ ಹಣಕ್ಕೆ ಪರದೆಯ ಬಣ್ಣ ಅಳೆದು ಸರಿಪಡಿಸುವ ಒಂದು ಕ್ಯಾಲಿಬ್ರೇಟರ್. ಏಸುಸ್ ಪ್ರೊಆರ್ಟ್ ಪಿಎ278ಕ್ಯೂವಿ ಈ ವರ್ಗದ ಪರಿಚಿತ ಹೆಸರು: ಎಸ್‌ಆರ್‌ಜಿಬಿಯೂ ರೆಕ್ 709ರೂ ಶೇ 100, ಕಾರ್ಖಾನೆಯಲ್ಲೇ ಬಣ್ಣದ ತಪ್ಪನ್ನು ಡೆಲ್ಟಾ ಇ 2ಕ್ಕಿಂತ ಕಡಿಮೆಗೆ ಇಳಿಸಿದ ಭರವಸೆ, 75 ಹರ್ಟ್ಜ್. ಡೆಲ್ಟಾ ಇ ಎಂದರೆ ತೋರಬೇಕಾದ ಬಣ್ಣಕ್ಕೂ ತೋರಿದ ಬಣ್ಣಕ್ಕೂ ನಡುವಿನ ಅಂತರ. ಅದು 2ರ ಒಳಗಿದ್ದರೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೂ ವ್ಯತ್ಯಾಸ ಹಿಡಿಯುವುದು ಕಷ್ಟ. ಕ್ಯಾಲಿಬ್ರೇಟರ್ ಇಲ್ಲದ 4ಕೆಗಿಂತ ಕ್ಯಾಲಿಬ್ರೇಟರ್ ಇರುವ ಕ್ಯೂಎಚ್‌ಡಿ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಫೋಟೊ ಆಲ್ಬಮ್ಮನ್ನೂ ಅದೇ ಮೇಜಿನಲ್ಲಿ ಮಾಡುವವರಿಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಛಾಯಾಚಿತ್ರಕ್ಕೆ 4ಕೆಯ ಚೂಪೂ ಅಡೋಬಿ ಆರ್‌ಜಿಬಿ ಎಂಬ ಬಣ್ಣವ್ಯಾಪ್ತಿಯ ಹಸಿರೂ ಉಪಯೋಗಕ್ಕೆ ಬರುವುದರಿಂದ, ಪಿ3 ಮತ್ತು ಅಡೋಬಿ ಆರ್‌ಜಿಬಿ ಎರಡನ್ನೂ ಶೇ 99ರಷ್ಟು ತೋರುವ ಪ್ರೊಆರ್ಟ್ ಪಿಎ279ಸಿಆರ್‌ವಿ, ಅಥವಾ ಆಗ ಹೇಳಿದ ಡೆಲ್, ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತವೆ. ವಿಶಾಲ ವ್ಯಾಪ್ತಿಯ ಗೊಡವೆ ಬೇಡ, 4ಕೆ ಮಾತ್ರ ಬೇಕು ಎನ್ನುವವರಿಗೆ ಬೆನ್‌ಕ್ಯು ಪಿಡಿ2700ಯು ಥರದ ಎಸ್‌ಆರ್‌ಜಿಬಿ ಮಾನಿಟರ್‌ಗಳಿವೆ. ತಪ್ಪು ಸ್ಥಿತಿಯಲ್ಲಿ ಬಿಟ್ಟು ಮರೆಯುವ ಭಯ ಇವುಗಳಲ್ಲಿ ಕಡಿಮೆ.

ಮ್ಯಾಕ್ ಬಳಸುವವರಿಗೆ ಆಪಲ್ ಸ್ಟುಡಿಯೊ ಡಿಸ್‌ಪ್ಲೇ ಇದೆ: 27 ಇಂಚಿನಲ್ಲಿ 5ಕೆ, ಇಂಚಿಗೆ 218 ಪಿಕ್ಸೆಲ್. ನೋಡಲು ಮುದ್ದು, ಎಚ್‌ಡಿಎಂಐ ಕಿಂಡಿ ಮಾತ್ರ ಇಲ್ಲ. ಐಜೊ ಕಂಪನಿಯ ಕಲರ್‌ಎಜ್ ಸಿಜಿ ಸರಣಿಯಲ್ಲಿ ಅಳೆಯುವ ಸಂವೇದಕ ಒಳಗೇ ಅಡಗಿದೆ. ಚಲನಚಿತ್ರದ ಗ್ರೇಡಿಂಗ್, ಅಂದರೆ ಬಣ್ಣ ಹೊಂದಿಸುವ ಕೆಲಸ, ಮಾಡುವವರ ಮಟ್ಟದ್ದು, ಬೆಲೆಯೂ ಅದೇ ಮಟ್ಟದ್ದು. 43 ಇಂಚಿನ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಆದರೆ ಗಿರಾಕಿಗೆ ತೋರಿಸಲು ಗೋಡೆಯ ಮೇಲೆ ಒಂದು ಸಾಧಾರಣ ಟಿವಿ ಇರಲಿ. ಅಜ್ಜಿ ನೋಡುವುದು ಅದರಲ್ಲೇ.

ಮಂಜು ಹಿಡಿದುಕೊಡುವ ದೋಷಗಳು

ಮಡಿಕೇರಿಯ ರಾಜಾಸೀಟಿನ ಬೆಳಗಿನ ಮಂಜನ್ನೋ ತೋಟದ ಮೇಲೆ ಇಳಿಯುವ ಮೋಡವನ್ನೋ ಚಿತ್ರಿಸಿದವರಿಗೆ ಬ್ಯಾಂಡಿಂಗ್ ಗೊತ್ತು: ನಯವಾಗಿ ಕರಗಬೇಕಾದ ಬೂದು, ಹೊಲದ ಬದುಗಳಂತೆ ಪಟ್ಟಿಪಟ್ಟಿಯಾಗಿ ನಿಲ್ಲುತ್ತದೆ. 8 ಬಿಟ್ ಪರದೆಯಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ದುಬಾರಿಯಲ್ಲದ ಬಹುತೇಕ ‘10 ಬಿಟ್’ ಮಾನಿಟರ್‌ಗಳು ವಾಸ್ತವದಲ್ಲಿ 8 ಬಿಟ್ ಪ್ಯಾನೆಲ್ಲಿಗೆ ಎಫ್‌ಆರ್‌ಸಿ ಎಂಬ, ಎರಡು ಛಾಯೆಗಳನ್ನು ವೇಗವಾಗಿ ಅದಲುಬದಲು ಮಾಡಿ ನಡುವಿನದನ್ನು ತೋರಿಸುವ ತಂತ್ರ ಸೇರಿಸಿದವು. ಕೆಲಸಕ್ಕೆ ಅದು ಸಾಕು, ಮೋಸವೆಂದು ಭಾವಿಸಬೇಕಿಲ್ಲ. ಪಟ್ಟಿಗಳು ಕಂಡಾಗ ಮಾನಿಟರನ್ನು ಶಪಿಸುವ ಮೊದಲು, ಕ್ಯಾಮೆರಾ 8 ಬಿಟ್ ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಸುಕಾಗಿ ಚಿತ್ರಿಸುವ ಸ್ಥಿತಿಯಲ್ಲಿ) ಚಿತ್ರಿಸಿತ್ತೇ, ರಫ್ತು ಮಾಡಿದ ಕಡತದ ಬಿಟ್‌ರೇಟ್ ತೀರ ಕಡಿಮೆಯೇ ಎಂದು ನೋಡಬೇಕು. ತಂತ್ರಾಂಶದಲ್ಲೇ ಕಪ್ಪಿನಿಂದ ಬಿಳಿಗೆ ಹೋಗುವ ನಯವಾದ ಪಟ್ಟಿಯೊಂದನ್ನು ಸೃಷ್ಟಿಸಿ ನೋಡಿ. ಅದು ನಯವಾಗಿದ್ದರೆ ದೋಷ ಕಡತದ್ದು.

ಮಂಜು ಇನ್ನೊಂದು ದೋಷವನ್ನೂ ಬಯಲು ಮಾಡುತ್ತದೆ. ಇಡೀ ಚೌಕಟ್ಟು ಒಂದೇ ಬೂದಿಯಾದಾಗ, ಮಾನಿಟರಿನ ಒಂದು ಮೂಲೆ ಹಳದಿ, ಇನ್ನೊಂದು ನೀಲಿ ಇದ್ದರೆ ಕೂಡಲೇ ಗೊತ್ತಾಗುತ್ತದೆ. ಈ ಏಕರೂಪತೆ ಒಂದೇ ಮಾದರಿಯ ಎರಡು ಪೆಟ್ಟಿಗೆಗಳ ನಡುವೆಯೂ ಬೇರೆಯಾಗಿರುವುದರಿಂದ, ವಿವರಪಟ್ಟಿ ಓದಿ ತಿಳಿಯುವಂಥದ್ದಲ್ಲ. ಪೆಟ್ಟಿಗೆ ಒಡೆದ ದಿನ ತುಂಬುಪರದೆಯಲ್ಲಿ ಬೂದು ಬಣ್ಣ ಹಾಕಿ ನೋಡಬೇಕು.

25 ಫ್ರೇಮಿನ ಲೆಕ್ಕ

ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ, ಮಂಟಪದ ಟ್ಯೂಬ್‌ಲೈಟ್ ಮಿನುಗದಂತೆ ಹೆಚ್ಚಿನವರು ಸೆಕೆಂಡಿಗೆ 25 ಅಥವಾ 50 ಫ್ರೇಮಿನಲ್ಲಿ ಚಿತ್ರಿಸುತ್ತೇವೆ. 60 ಹರ್ಟ್ಜ್ ಮಾನಿಟರಿನಲ್ಲಿ 25 ಫ್ರೇಮುಗಳು ಸಮವಾಗಿ ಹಂಚಿಹೋಗುವುದಿಲ್ಲ. ಕೆಲವು ಎರಡು ಸಲ, ಕೆಲವು ಮೂರು ಸಲ ಕಾಣಿಸಿಕೊಂಡು, ಕ್ಯಾಮೆರಾ ಪಕ್ಕಕ್ಕೆ ತಿರುಗುವ ದೃಶ್ಯ ಎಡವಿದಂತಾಗುತ್ತದೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಕೆಟ್ಟಿದೆಯೆಂದು ಒಂದು ಇಡೀ ದಿನ ಅದನ್ನು ಬಿಚ್ಚಿ ಕಟ್ಟಿದವರನ್ನು ನಾನು ಬಲ್ಲೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಜ್ ಇದ್ದರೆ ಪರಿಶೀಲನೆಯ ಹೊತ್ತಿಗೆ ಅದನ್ನು ಆರಿಸಿಕೊಳ್ಳಿ. ಈಗ ಅಗ್ಗವಾಗಿ ಬರುತ್ತಿರುವ 100 ಹರ್ಟ್ಜ್ ಮಾನಿಟರ್‌ಗಳು ಈ ವಿಷಯದಲ್ಲಿ ವರವೇ ಸರಿ: 25ಕ್ಕೂ 50ಕ್ಕೂ ಶೇಷವಿಲ್ಲದೆ ಹೊಂದುತ್ತವೆ. 75 ಹರ್ಟ್ಜ್ 25ಕ್ಕೆ ಹೊಂದುತ್ತದೆ, 50ಕ್ಕೆ ಇಲ್ಲ. ಕೊಡವ ಕೌಟುಂಬಿಕ ಹಾಕಿಯಂಥ ವೇಗದ ಪಂದ್ಯಗಳನ್ನು 50 ಫ್ರೇಮಿನಲ್ಲಿ ಹಿಡಿಯುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕೇಬಲ್ಲಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಕಿಂಡಿ 4ಕೆಯನ್ನು 30 ಹರ್ಟ್ಜ್‌ಗಿಂತ ಹೆಚ್ಚು ಒಯ್ಯಲಾರದು. 60ಕ್ಕೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಬೇಕು. ಯುಎಸ್‌ಬಿ-ಸಿಯ 65, 90 ವಾಟ್ ತೆಳು ಲ್ಯಾಪ್‌ಟಾಪಿಗೆ ಸಾಕಾದರೂ ಗೇಮಿಂಗ್ ಲ್ಯಾಪ್‌ಟಾಪಿನ ಹಸಿವಿಗೆ ಸಾಲದು.

ಎಚ್‌ಡಿಆರ್ ಬಗ್ಗೆ ಎರಡೇ ಮಾತು. ‘ಡಿಸ್‌ಪ್ಲೇಎಚ್‌ಡಿಆರ್ 400’ ಎಂಬ ಮುದ್ರೆಗೆ ಬೇಕಾದದ್ದು 400 ನಿಟ್ಸ್ ಹೊಳಪು. ಪರದೆಯ ಭಾಗಗಳನ್ನು ಬೇರೆಬೇರೆಯಾಗಿ ಮಂದಗೊಳಿಸುವ ಲೋಕಲ್ ಡಿಮ್ಮಿಂಗ್ ಅದಕ್ಕೆ ಕಡ್ಡಾಯವಲ್ಲ. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್‌ಗೆ ಸಿದ್ಧಪಡಿಸುವಾಗ ಈ ಮುದ್ರೆಯನ್ನು ನಂಬಿ ಗ್ರೇಡಿಂಗ್ ಮಾಡುವಂತಿಲ್ಲ. ಮಡಿಕೇರಿ ದಸರಾದ ರಾತ್ರಿ, ಮೆರವಣಿಗೆಯ ದಶಮಂಟಪಗಳ ಎಲ್‌ಇಡಿ ದೀಪಗಳು ಕತ್ತಲಲ್ಲಿ ಹೊಳೆಯುವುದನ್ನು ಕಂಡಾಗ ಎಚ್‌ಡಿಆರ್ ಇರಬೇಕಿತ್ತು ಎಂದು ನನಗೂ ಆಸೆಯಾಗುತ್ತದೆ. ಅದನ್ನು ಕೇಳಿ ಹಣ ಕೊಡುವ ಗಿರಾಕಿ ಮಾತ್ರ ಇನ್ನೂ ನನ್ನ ಬಾಗಿಲಿಗೆ ಬಂದಿಲ್ಲ.

ಕೋಣೆ, ಮಳೆ, ಕರೆಂಟು

ಕಾಫಿ ತೋಟಕ್ಕೆ ತೆರೆದ ಕಿಟಕಿ ಮನಸ್ಸಿಗೆ ಹಿತ, ಬಣ್ಣದ ಕೆಲಸಕ್ಕೆ ಶತ್ರು. ಎಲೆಗಳಿಂದ ಸೋಸಿ ಬರುವ ಹಸಿರು ಬೆಳಕಿಗೆ ಕಣ್ಣು ಹೊಂದಿಕೊಂಡಾಗ ಪರದೆಯ ಬೂದು ನಸುಗೆಂಪಾಗಿ ತೋರುತ್ತದೆ; ಅದನ್ನು ಸರಿಪಡಿಸಲು ನಾವು ಚಿತ್ರಕ್ಕೆ ಹಸಿರು ಬೆರೆಸುತ್ತೇವೆ. ಹಸಿರು ಬಳಿದ ಗೋಡೆಯೂ ಇದನ್ನೇ ಮಾಡುತ್ತದೆ. ದಪ್ಪ ಪರದೆ ಎಳೆದು, ಮಾನಿಟರಿನ ಹಿಂದೆ 6500 ಕೆಲ್ವಿನ್‌ನ ಮಂದ ದೀಪ ಇಟ್ಟು, ಬಿಳಿಯನ್ನು 100 ನಿಟ್ಸ್‌ಗೆ, ಗಾಮಾವನ್ನು 2.4ಕ್ಕೆ ಹೊಂದಿಸುವುದು ಟಿವಿಗಾಗಿ ಮಾಡುವ ಕೆಲಸಕ್ಕೆ ಸರಿಯಾದ ಕ್ರಮ. ಬೆಳಕಿರುವ ಕೋಣೆಯಲ್ಲಿ ಕುಳಿತು ಮೊಬೈಲಿಗಾಗಿ ಮಾಡುವವರು 120 ನಿಟ್ಸ್, 2.2 ಇಟ್ಟುಕೊಳ್ಳಬಹುದು. ಒಮ್ಮೆ ಆರಿಸಿದ ಮೇಲೆ ಒಂದೇ ಕೆಲಸದ ನಡುವೆ ಬದಲಿಸಬಾರದು.

ಬಹಳಷ್ಟು ಮಾನಿಟರ್‌ಗಳ ಕೈಪಿಡಿಯಲ್ಲಿ ಬಳಕೆಯ ಆರ್ದ್ರತೆಯ ಮಿತಿ ಶೇ 80 ಎಂದಿರುತ್ತದೆ. ನಮ್ಮ ಮಳೆಗಾಲ ಆ ಮಿತಿಯನ್ನು ಲೆಕ್ಕಕ್ಕಿಡುವುದಿಲ್ಲ. ಹೊರಗೋಡೆಗೆ ಅಂಟಿಸಿ ಇಡದಿರುವುದು, ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡಿ ಒಳಗಿನ ಥಂಡಿ ಆರಿಸುವುದು, ಪ್ಲಾಸ್ಟಿಕ್ ಹೊದಿಸಿ ತೇವವನ್ನು ಒಳಗೇ ಕೂಡಿಹಾಕದಿರುವುದು, ಇಷ್ಟು ಸಾಕು. ಹೊಸ ಮಳೆಯ ಸಂಜೆ ದೀಪಕ್ಕೆ ಮುತ್ತುವ ಹುಳುಗಳ ವಿಷಯ ಬೇರೆ. ಸಣ್ಣ ಕೀಟಗಳು ಬೆಳಕು ಅರಸಿ ಗಾಳಿಕಿಂಡಿಯಿಂದ ಪ್ಯಾನೆಲ್ಲಿನ ಪದರಗಳ ನಡುವೆ ನುಸುಳುವುದುಂಟು. ಆಗ ಬೆರಳಿನಿಂದ ಒತ್ತಬಾರದು. ಅಲ್ಲೇ ಸತ್ತರೆ ಅದು ಕಾಯಂ ಚುಕ್ಕೆ. ಮಾನಿಟರ್ ಆರಿಸಿ, ಪಕ್ಕದಲ್ಲಿ ಬೇರೊಂದು ದೀಪ ಹಚ್ಚಿಟ್ಟರೆ ಹೆಚ್ಚಿನ ಸಲ ತಾನಾಗಿ ಹೊರಬರುತ್ತದೆ.

ಮರ ಬಿದ್ದು ತಂತಿ ಹರಿಯುವ ತಿಂಗಳುಗಳಲ್ಲಿ ಮಾನಿಟರಿನ ವಿದ್ಯುತ್ ಬಳಕೆಯೂ ಹೋಲಿಕೆಯ ಒಂದು ಅಂಶ. 27 ಇಂಚಿನ ಐಪಿಎಸ್ 100 ನಿಟ್ಸ್‌ನಲ್ಲಿ 40 ವಾಟಿನ ಒಳಗೇ ಸಾಮಾನ್ಯವಾಗಿ ನಡೆದರೆ, ಪ್ರಖರ ಎಚ್‌ಡಿಆರ್ ಮಾನಿಟರ್‌ಗಳು ಅದರ ಎರಡು ಮೂರು ಪಟ್ಟು ಕೇಳಬಹುದು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇದ್ದರೂ ಕೈಗೆ ಸಿಗುವುದು ಸುಮಾರು ಮೂರನೆಯ ಎರಡು ಪಾಲು. 300 ವಾಟಿನ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಜೋಡಿಗೆ ಅದು ನಾಲ್ಕು ಗಂಟೆ. ಸೈನ್‌ವೇವ್ ಯುಪಿಎಸ್ ಇರಲಿ. ಏಪ್ರಿಲ್‌ನ ಗುಡುಗಿಗೆ ಪ್ಲಗ್ಗನ್ನೂ ಬ್ರಾಡ್‌ಬ್ಯಾಂಡ್ ತಂತಿಯನ್ನೂ ಕಿತ್ತಿಡಿ.

ಕ್ಯಾಲಿಬ್ರೇಟರ್

ಪರದೆಗೆ ತೂಗುಹಾಕಿ ಬಣ್ಣ ಅಳೆಯುವ ಈ ಪುಟ್ಟ ಉಪಕರಣಗಳಲ್ಲಿ ಕ್ಯಾಲಿಬ್ರೈಟ್ ಮತ್ತು ಡೇಟಾಕಲರ್ ಸ್ಪೈಡರ್ ಹೆಸರಾದವು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅರ್ಧ ಗಂಟೆಯ ಕೆಲಸವಾದ್ದರಿಂದ ನಾಲ್ಕೈದು ಸ್ಟುಡಿಯೊಗಳು ಸೇರಿ ಒಂದನ್ನು ಕೊಳ್ಳಬಹುದು. ನೆರೆಯ ತೋಟದವರು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಹಂಚಿಕೊಂಡಂತೆ. ಹಳೆಯದನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ: ಹಿಂದಿನ ಕಾಲದ ಕೆಲವು ಮಾದರಿಗಳ ಫಿಲ್ಟರ್‌ಗಳು ತೇವಕ್ಕೆ ಹಾಳಾಗಿ ತಪ್ಪು ಅಳತೆ ಕೊಡುತ್ತವೆ. ಹೊಸದನ್ನೂ ಲೆನ್ಸುಗಳ ಜೊತೆ ಒಣ ಪೆಟ್ಟಿಗೆಯಲ್ಲೇ ಇಡಿ. ಮಾನಿಟರ್ ಅರ್ಧ ಗಂಟೆ ಬೆಚ್ಚಗಾದ ಮೇಲೆ ಅಳೆಯಿರಿ, ತಂತ್ರಾಂಶದಲ್ಲಿ ಬ್ಯಾಕ್‌ಲೈಟಿನ ಬಗೆಯನ್ನು ಸರಿಯಾಗಿ ಆರಿಸಿ.

ಕೊಳ್ಳುವಾಗ

ಕೊಡಗಿಗೆ ರೈಲಿಲ್ಲ. ಪೆಟ್ಟಿಗೆ ಮೈಸೂರಿನಿಂದಲೋ ಸಂಪಾಜೆ ಘಾಟಿ ಹತ್ತಿ ಮಂಗಳೂರಿನಿಂದಲೋ ರಸ್ತೆಯಲ್ಲೇ ಕುಲುಕಿಕೊಂಡು ಬರಬೇಕು. ಮಾನಿಟರ್ ಕೆಟ್ಟಾಗ ಕಂಪನಿಯವರು ಮನೆಗೆ ಬಂದು ಬದಲಿಸುತ್ತಾರೋ, ನಾವೇ 120 ಕಿಲೋಮೀಟರ್ ಒಯ್ಯಬೇಕೋ ಎಂಬುದನ್ನು ನಿಮ್ಮ ಪಿನ್‌ಕೋಡ್ ಕೊಟ್ಟು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಮಾನವಾದ ಎರಡು ಮಾದರಿಗಳ ನಡುವೆ ನಾನು ಈ ಒಂದೇ ಕಾರಣಕ್ಕೆ ಆಯ್ಕೆ ಮಾಡಿದ್ದುಂಟು. ಹೊಳೆಯುವ ಒಂದು ಚುಕ್ಕೆಗೇ ಬದಲಿ ಕೊಡುತ್ತಾರೋ, ಐದಾರು ಇರಬೇಕೆನ್ನುತ್ತಾರೋ ಎಂಬುದನ್ನೂ ವಿಚಾರಿಸಿ. ಮೂಲ ಥರ್ಮಾಕೋಲ್ ಸಮೇತ ಪೆಟ್ಟಿಗೆಯನ್ನು ವಾರಂಟಿ ಮುಗಿಯುವವರೆಗೂ ಅಟ್ಟದ ಮೇಲೆ ಉಳಿಸಿಕೊಳ್ಳಿ, ಇಲಿ ಸೇರದಂತೆ.

ಪೆಟ್ಟಿಗೆ ತೆರೆಯುವುದನ್ನು ಮುದ್ರೆ ಒಡೆಯುವ ಮೊದಲಿನಿಂದ ಒಂದೇ ಶಾಟಿನಲ್ಲಿ ಚಿತ್ರಿಸಿ, ಅದು ನಮ್ಮ ಕಸುಬೇ ತಾನೆ. ಅದೇ ಸಂಜೆ, ಹಿಂದಿರುಗಿಸುವ ಗಡುವು ಇರುವಾಗಲೇ, ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ತುಂಬುಪರದೆಯಲ್ಲಿ ನೋಡಿ. ಕೊನೆಗೆ ಕಪ್ಪು ಕುಪ್ಯದ ಗುಂಪೊಂದು ಇರುವ ನಿಮ್ಮದೇ ಹಳೆಯ ದೃಶ್ಯವನ್ನು ಹಾಕಿ, ದೀಪ ಆರಿಸಿ, ಮಡಿಕೆಗಳನ್ನು ಎಣಿಸಿ.